ನಮ್ಮೂರ ಪೇಟೆಗೆ ಬಂದ ಫ್ರೋಜನ್ ಸೂಪರ್‌ಮಾರ್ಕೆಟ್

ನಮಸ್ಕಾರ. ಇಂಗ್ಲೆಂಡಿನ ಈಸ್ಟ್ ಮಿಡ್‌ಲ್ಯಾಂಡ್ಸ್ ಭಾಗದಲ್ಲಿರುವ ನಮ್ಮ ಪುಟ್ಟ ಪಟ್ಟಣದಲ್ಲಿ ಈ ಬೆಳಿಗ್ಗೆ ಹೊಸದೊಂದು ಅಂಗಡಿ ಬಾಗಿಲು ತೆರೆಯಿತು. ನೀವು ಈಗ ನೋಡುತ್ತಿರುವುದು ಐಸ್‌ಲ್ಯಾಂಡ್ ಎಂಬ ಬ್ರಿಟಿಷ್ ಸೂಪರ್‌ಮಾರ್ಕೆಟ್ ಕಂಪನಿಯವರ ‘ಫುಡ್ ವೇರ್‌ಹೌಸ್’ ಮಳಿಗೆ. 2023ರಲ್ಲಿ ಮನೆಬಳಕೆಯ ಸಾಮಾನು ಮಾರುತ್ತಿದ್ದ ವಿಲ್ಕೊ ಕಂಪನಿ ದಿವಾಳಿಯಾಗಿ ದೇಶದ ತುಂಬ ತನ್ನ ಅಂಗಡಿಗಳನ್ನು ಮುಚ್ಚಿದಾಗ ಖಾಲಿ ಬಿದ್ದ ಕಟ್ಟಡವಿದು. ಅಂದಿನಿಂದ ಗಾಜಿಗೆ ಅಂಟಿಸಿದ್ದ ಕಂದು ಕಾಗದವನ್ನೇ ನೋಡುತ್ತ ಓಡಾಡಿದ್ದ ನಮಗೆ, ಒಳಗೆ ದೀಪ ಹೊತ್ತಿ ಟ್ರಾಲಿಗಳ ಸದ್ದು ಕೇಳುವುದೇ ಒಂದು ಸಮಾಧಾನ. ಬಾಗಿಲು ತೆರೆಯುವ ಮೊದಲೇ ಸಾಲು ಕಾರ್ ಪಾರ್ಕಿನ ತುದಿ ಮುಟ್ಟಿತ್ತು. ಸಾಲಿನಲ್ಲಿ ನಿಂತವರಲ್ಲಿ ಕೈಗಾಡಿ ಎಳೆದುಕೊಂಡು ಬಂದ ಹಿರಿಯರೂ, ತಳ್ಳುಗಾಡಿಯಲ್ಲಿ ಮಗುವನ್ನು ಕೂರಿಸಿಕೊಂಡ ತಾಯಂದಿರೂ, ರಾತ್ರಿ ಪಾಳಿ ಮುಗಿಸಿ ಗೋದಾಮಿನಿಂದ ನೇರವಾಗಿ ಬಂದ ಕೆಲಸಗಾರರೂ ಇದ್ದರು.

ಈ ಅಂಗಡಿಯ ವಿಶೇಷವೆಂದರೆ ಇಲ್ಲಿ ಮುಖ್ಯವಾಗಿ ಮಾರುವುದು ಫ್ರೋಜನ್, ಅಂದರೆ ಹೆಪ್ಪುಗಟ್ಟಿಸಿ ಕಾಪಾಡಿದ ಆಹಾರ, ಅದೂ ಕಡಿಮೆ ಬೆಲೆಗೆ. ಕರ್ನಾಟಕದಲ್ಲಿರುವ ನಮ್ಮ ವೀಕ್ಷಕರಲ್ಲಿ ಅನೇಕರಿಗೆ ಫ್ರೋಜನ್ ಎಂದ ಕೂಡಲೇ ‘ತಂಗಳು’ ಎನ್ನುವ ಭಾವನೆ ಬರುತ್ತದೆಂದು ನನಗೆ ಗೊತ್ತು. ಹಾಸನದಲ್ಲಿರುವ ನನ್ನ ಅಮ್ಮ ಇವತ್ತಿಗೂ ಫೋನಿನಲ್ಲಿ ಮೊದಲು ಕೇಳುವುದು ‘ಬಿಸಿಬಿಸಿ ಅಡುಗೆ ಮಾಡಿಕೊಂಡು ಉಣ್ಣುತ್ತೀಯೋ ಇಲ್ಲವೋ’ ಎಂದು. ಅದೇ ಅಮ್ಮ ಬೇಸಿಗೆಯ ಬಿಸಿಲಿನಲ್ಲಿ ಸಂಡಿಗೆ ಹಾಕಿ, ಬಾಳಕ ಒಣಗಿಸಿ, ವರ್ಷವಿಡೀ ಡಬ್ಬಿಯಲ್ಲಿಟ್ಟು ಬಳಸುತ್ತಾರೆ. ಬೆಳೆ ಹೇರಳವಾಗಿದ್ದಾಗ ಕೆಡದಂತೆ ಕಾಪಾಡಿ, ಇಲ್ಲದಾಗ ಉಣ್ಣುವ ಆ ಬುದ್ಧಿಯೇ ಇಲ್ಲಿ ಬಿಸಿಲಿನ ಬದಲು ಚಳಿಯನ್ನು ಬಳಸಿಕೊಂಡಿದೆ. ಇಂದಿನ ವಿಡಿಯೊದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟು: ಇಂಥ ಅಂಗಡಿಯಲ್ಲಿ ನಮಗೆ ನಿಜವಾದ ಲಾಭವಿರುವುದು ದೊಡ್ಡ ಅಕ್ಷರದ ರಿಯಾಯಿತಿ ಫಲಕಗಳ ಕೆಳಗಲ್ಲ, ಬೆನ್ನಿನ ಮೇಲೆ ಒಂದೇ ಒಂದು ಪದಾರ್ಥದ ಹೆಸರಿರುವ ಸಾದಾ ಪೊಟ್ಟಣಗಳಲ್ಲಿ.

ಮೊದಲು ಬಟಾಣಿಯ ಬಳಿ ಹೋಗೋಣ. ಬಟಾಣಿಯನ್ನು ಬಳ್ಳಿಯಿಂದ ಕಿತ್ತ ಗಳಿಗೆಯಿಂದಲೇ ಅದರೊಳಗಿನ ಸಕ್ಕರೆ ಪಿಷ್ಟವಾಗಿ ಬದಲಾಗತೊಡಗುತ್ತದೆ. ಒಂದೆರಡು ದಿನ ಕಳೆದರೆ ಕಾಳಿನ ಸಿಹಿ ಹೋಗಿ ಹಿಟ್ಟುಹಿಟ್ಟಾಗುತ್ತದೆ. ಇಂಗ್ಲೆಂಡಿನ ಪೂರ್ವ ಭಾಗದ ಲಿಂಕನ್‌ಶೈರ್, ಯಾರ್ಕ್‌ಶೈರ್, ನಾರ್ಫೋಕ್ ಹೊಲಗಳಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಹಗಲು ರಾತ್ರಿ ಎನ್ನದೆ ಯಂತ್ರಗಳು ಓಡಾಡಿ ಬಟಾಣಿ ಕೊಯ್ಯುತ್ತವೆ. ಕೊಯ್ದ ಕಾಳನ್ನು ಸುಮಾರು 150 ನಿಮಿಷಗಳೊಳಗೆ ಫ್ರೀಜ್ ಮಾಡಬೇಕೆಂಬುದು ಆ ಉದ್ಯಮದಲ್ಲಿ ಪ್ರಸಿದ್ಧವಾದ ಗುರಿ. ಕಾರ್ಖಾನೆಯಲ್ಲಿ ಕಾಳನ್ನು ಕುದಿಯುವ ನೀರಿನಲ್ಲಿಯೋ ಹಬೆಯಲ್ಲಿಯೋ ಸ್ವಲ್ಪ ಹೊತ್ತು ಬಾಡಿಸಿ, ರುಚಿಯನ್ನೂ ಬಣ್ಣವನ್ನೂ ಕೆಡಿಸುವ ಕಿಣ್ವಗಳನ್ನು ನಿಷ್ಕ್ರಿಯಗೊಳಿಸಿ, ಆಮೇಲೆ ಅತಿ ಶೀತಲ ಗಾಳಿಯಲ್ಲಿ ತೇಲಿಸುತ್ತ ಒಂದೊಂದು ಕಾಳೂ ಬಿಡಿಬಿಡಿಯಾಗಿ ಗಟ್ಟಿಯಾಗುವಂತೆ ಮಾಡುತ್ತಾರೆ. ಬೇಗ ಹೆಪ್ಪುಗಟ್ಟಿದಷ್ಟೂ ಒಳಗೆ ಮೂಡುವ ಮಂಜಿನ ಹರಳುಗಳು ಸಣ್ಣವಾಗಿರುತ್ತವೆ; ಹರಳು ಸಣ್ಣದಾದಷ್ಟೂ ತರಕಾರಿಯ ಜೀವಕೋಶಗಳು ಒಡೆಯುವುದು ಕಡಿಮೆ. ನಾವು ಮನೆಯ ಫ್ರೀಜರಿನಲ್ಲಿ ನಿಧಾನವಾಗಿ ಗಟ್ಟಿ ಮಾಡಿದ ಬೀನ್ಸ್ ಕರಗಿದಾಗ ನೀರುನೀರಾಗುವುದಕ್ಕೂ, ಅಂಗಡಿಯ ಬೀನ್ಸ್ ಸೊಗಸಾಗಿ ಉಳಿಯುವುದಕ್ಕೂ ಇದೇ ಕಾರಣ.

ಈ ವೇಗದ ಮಹತ್ವವನ್ನು ಉದ್ಯಮವಾಗಿ ಬೆಳೆಸಿದವರು ಅಮೆರಿಕದ ಕ್ಲಾರೆನ್ಸ್ ಬರ್ಡ್ಸ್‌ಐ. ಕೆನಡಾದ ಲ್ಯಾಬ್ರಡಾರ್‌ನಲ್ಲಿದ್ದಾಗ, ಅಲ್ಲಿನ ಮೂಲನಿವಾಸಿಗಳಾದ ಇನ್ಯೂಟ್ ಜನರು ಹಿಡಿದ ಮೀನು ಕೊರೆವ ಗಾಳಿಯಲ್ಲಿ ಕ್ಷಣಾರ್ಧದಲ್ಲಿ ಗಟ್ಟಿಯಾಗುವುದನ್ನೂ, ತಿಂಗಳುಗಳ ನಂತರ ಕರಗಿಸಿ ಬೇಯಿಸಿದರೂ ಅದರ ರುಚಿ ಉಳಿದಿರುವುದನ್ನೂ ಅವರು ಕಂಡರು. ಆ ಅರಿವು ಇನ್ಯೂಟ್ ಜನರದ್ದೇ ಆಗಿತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು.

ಈಗ ಈ ಪೊಟ್ಟಣವನ್ನು ಹತ್ತಿರದಿಂದ ನೋಡಿ. ಕೊಳ್ಳುವ ಮುನ್ನ ನಾನು ಅದನ್ನು ಅಂಗೈಯಲ್ಲಿ ಹೀಗೆ ಹಿಸುಕುತ್ತೇನೆ. ಒಳಗಿನ ಕಾಳುಗಳು ಗೋಲಿಗಳಂತೆ ಸರಸರನೆ ಜಾರಿದರೆ ಸರಿ. ಇಡೀ ಚೀಲ ಒಂದೇ ಕಲ್ಲುಗುಂಡಾಗಿ ಕೈಗೆ ಸಿಕ್ಕರೆ, ಸಾಗಣೆಯ ದಾರಿಯಲ್ಲಿ ಎಲ್ಲೋ ಒಮ್ಮೆ ಕರಗಿ ಮತ್ತೆ ಗಟ್ಟಿಯಾಗಿರುವ ಸಾಧ್ಯತೆಯಿದೆ. ಅದನ್ನು ಅಲ್ಲೇ ಬಿಟ್ಟು ಬೇರೆ ಚೀಲ ಎತ್ತಿಕೊಳ್ಳಿ. ಸೊಪ್ಪಿನ ಉಂಡೆಗಳಿಗೆ ಈ ಪರೀಕ್ಷೆ ಒಪ್ಪುವುದಿಲ್ಲ, ಏಕೆಂದರೆ ಪಾಲಕ್ ಸೊಪ್ಪನ್ನು ಒತ್ತಿ ಬಿಲ್ಲೆ ಮಾಡಿಯೇ ಗಟ್ಟಿ ಮಾಡಿರುತ್ತಾರೆ.

ಅಂಗಡಿಯ ಕಂಪನಿಯ ಕಥೆಯೂ ಕೇಳುವಂಥದ್ದು. 1970ರಲ್ಲಿ ವುಲ್‌ವರ್ತ್ಸ್ ಎಂಬ ದೊಡ್ಡ ಚಿಲ್ಲರೆ ಮಾರಾಟ ಕಂಪನಿಯ ಇಬ್ಬರು ಯುವ ನೌಕರರಾದ ಮಾಲ್ಕಮ್ ವಾಕರ್ ಮತ್ತು ಪೀಟರ್ ಹಿಂಚ್‌ಕ್ಲಿಫ್, ಶ್ರಾಪ್‌ಶೈರ್‌ನ ಓಸ್‌ವೆಸ್ಟ್ರಿ ಎಂಬ ಸಣ್ಣ ಪಟ್ಟಣದಲ್ಲಿ ಒಂದು ತಿಂಗಳ ಬಾಡಿಗೆಯೆಂದು 60 ಪೌಂಡ್ ಕಟ್ಟಿ ಅಂಗಡಿಯೊಂದನ್ನು ತೆರೆದರು. ಫ್ರೋಜನ್ ಪದಾರ್ಥಗಳನ್ನು ಬಿಡಿಯಾಗಿ, ಜನರಿಗೆ ಬೇಕಾದಷ್ಟೇ ಅಳೆದು ಮಾರುವುದು ಅವರ ವ್ಯಾಪಾರ. ವಿಷಯ ತಿಳಿದ ವುಲ್‌ವರ್ತ್ಸ್ ಅವರಿಬ್ಬರನ್ನೂ ಕೆಲಸದಿಂದ ತೆಗೆದುಹಾಕಿತು. ಮನೆಮನೆಗೂ ಫ್ರೀಜರ್ ಬರುತ್ತಿದ್ದ ಆ ದಶಕದಲ್ಲಿ ಅವರ ವ್ಯಾಪಾರ ಕುದುರಿತು. 1989ರಲ್ಲಿ ತಮಗಿಂತ ದೊಡ್ಡದಾಗಿದ್ದ ಬೆಜಮ್ ಎಂಬ ಪ್ರತಿಸ್ಪರ್ಧಿ ಸಂಸ್ಥೆಯನ್ನೇ ಕೊಂಡರು. 2009ರ ಆರಂಭದಲ್ಲಿ ವುಲ್‌ವರ್ತ್ಸ್ ಬಾಗಿಲು ಹಾಕಿದಾಗ ಅದರ 51 ಮಳಿಗೆಗಳನ್ನು ಪಡೆದುಕೊಂಡದ್ದು, ಕೆಲಸ ಕಳೆದುಕೊಂಡಿದ್ದ ಆ ಇಬ್ಬರು ಕಟ್ಟಿದ ಇದೇ ಕಂಪನಿ. ನಮ್ಮೂರಿನಲ್ಲಿ ತೆರೆದಿರುವಂಥ ವಿಶಾಲವಾದ ಫುಡ್ ವೇರ್‌ಹೌಸ್ ಮಳಿಗೆಗಳು ಆರಂಭವಾದದ್ದು 2014ರಲ್ಲಿ.

ಬೆಲೆ ಹೇಗೆ ಕಡಿಮೆಯಾಗುತ್ತದೆ ಎಂದು ಹಲವರು ಕೇಳುತ್ತಾರೆ. ಹಸಿ ತರಕಾರಿ ಮಾರುವವನು ಬಾಡಿ ಎಸೆಯಬೇಕಾದ ಸರಕಿನ ನಷ್ಟವನ್ನೂ ಉಳಿದ ಸರಕಿನ ಬೆಲೆಗೇ ಸೇರಿಸಬೇಕಾಗುತ್ತದೆ. ಫ್ರೋಜನ್ ಸರಕು ತಿಂಗಳುಗಟ್ಟಲೆ ಕಾಯಬಲ್ಲದು. ಬೆಳೆ ಸುಗ್ಗಿಯಾದಾಗ ಅಗ್ಗವಾಗಿ ಕೊಂಡು ವರ್ಷಪೂರ್ತಿ ಮಾರಬಹುದು. ಚಳಿಗಾಲದಲ್ಲಿ ಇಲ್ಲಿನ ಅಂಗಡಿಗಳ ಹಸಿ ಬೀನ್ಸ್ ಕೀನ್ಯಾದಿಂದ ವಿಮಾನದಲ್ಲಿ ಬಂದಿರುವುದುಂಟು. ಫ್ರೋಜನ್ ಸರಕಿಗೆ ಅಂಥ ಅವಸರವಿಲ್ಲ, ಹಡಗಿನಲ್ಲೋ ಲಾರಿಯಲ್ಲೋ ನಿಧಾನವಾಗಿ ಬಂದರೂ ನಡೆಯುತ್ತದೆ.

ಆದರೆ ಅಗ್ಗವೆಂದು ಕಂಡದ್ದೆಲ್ಲ ಅಗ್ಗವಲ್ಲ. ಬೆಲೆಚೀಟಿಯ ದೊಡ್ಡ ಅಂಕಿಯ ಕೆಳಗೆ, ಕಿಲೋಗೆ ಎಷ್ಟು ಬೀಳುತ್ತದೆ ಎಂಬುದನ್ನು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಅದನ್ನು ತೋರಿಸಬೇಕೆಂಬ ನಿಯಮವೇ ಇಲ್ಲಿದೆ. ಲೆಕ್ಕಕ್ಕಾಗಿ ಹೇಳುವುದಾದರೆ, 900 ಗ್ರಾಂ ಚೀಲಕ್ಕೆ 1.80 ಪೌಂಡ್ ಇದ್ದರೆ ಕಿಲೋಗೆ ಬೀಳುವುದು 2 ಪೌಂಡ್. ಪಕ್ಕದಲ್ಲಿ 1 ಪೌಂಡಿಗೆ ಸಿಗುವ 400 ಗ್ರಾಂ ಚೀಲ ಕೈಗೆ ಅಗ್ಗವೆನಿಸಿದರೂ ಕಿಲೋಗೆ 2.50 ಪೌಂಡ್ ಆಗುತ್ತದೆ. ಬ್ರೆಡ್ ಪುಡಿ ಹಚ್ಚಿದ ಕೋಳಿಮಾಂಸದ ತುಂಡುಗಳನ್ನು ಕೊಳ್ಳುವಾಗ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಪೊಟ್ಟಣದ ಹಿಂದೆ ಮಾಂಸ ಪ್ರತಿಶತ ಎಷ್ಟೆಂದು ಓದಿ. ಉಳಿದದ್ದು ಹಿಟ್ಟು, ನೀರು ಮತ್ತು ಎಣ್ಣೆ. ಮಕ್ಕಳು ಕೇಳಿದಾಗ ಒಮ್ಮೊಮ್ಮೆ ಕೊಳ್ಳುವುದರಲ್ಲಿ ತಪ್ಪೇನಿಲ್ಲ, ಆದರೆ ವಾರದ ಊಟವನ್ನೇ ಅದರ ಮೇಲೆ ಕಟ್ಟುವುದು ನನಗೆ ಸರಿಕಾಣುವುದಿಲ್ಲ. ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸುಗಳಿಗೆ ‘ಒಂದು ಕೊಂಡರೆ ಒಂದು ಉಚಿತ’ ಎಂಬಂಥ ಕೊಡುಗೆಗಳನ್ನು 2025ರ ಅಕ್ಟೋಬರ್‌ನಿಂದ ಇಂಗ್ಲೆಂಡಿನ ದೊಡ್ಡ ಅಂಗಡಿಗಳಲ್ಲಿ ನಿಷೇಧಿಸಿರುವುದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ.

ಸಸ್ಯಾಹಾರಿಗಳಿಗೊಂದು ಮಾತು. ಭಾರತದಲ್ಲಿರುವಂತೆ ಹಸಿರು ಚುಕ್ಕಿ ಹಾಕಲೇಬೇಕೆಂಬ ಕಾನೂನು ಇಲ್ಲಿಲ್ಲ. ಆಲೂಗಡ್ಡೆಯ ಕೆಲವು ತಿನಿಸುಗಳನ್ನು ದನದ ಕೊಬ್ಬಿನಲ್ಲಿ ಕರಿದಿರುತ್ತಾರೆ, ಕೆಲವು ಸಿಹಿತಿಂಡಿಗಳಲ್ಲಿ ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದ ಜೆಲಾಟಿನ್ ಇರುತ್ತದೆ. ‘ಸೂಟಬಲ್ ಫಾರ್ ವೆಜಿಟೇರಿಯನ್ಸ್’ ಎಂಬ ಬರಹವನ್ನು ಹುಡುಕಿ. ಅದು ಕಾಣದಿದ್ದರೆ ಪದಾರ್ಥಗಳ ಪಟ್ಟಿಯನ್ನು ಪೂರ್ತಿ ಓದಿ.

ಮೀನಿನ ಸಾಲು ಇಲ್ಲಿದೆ. ಕರಾವಳಿಯ ಗೆಳೆಯರು ಅಂಜಲ್, ಕಾಣೆ ಕೇಳಿದರೆ ಈ ಅಂಗಡಿಯಲ್ಲಿ ನಿರಾಸೆಯಾಗುತ್ತದೆ. ಕಾಡ್, ಹ್ಯಾಡಕ್, ಸಾಲ್ಮನ್ ಇಲ್ಲಿನ ಜನರ ರೂಢಿ. ಸೀಗಡಿಯ ಪೊಟ್ಟಣವನ್ನು ಮಾತ್ರ ತಿರುಗಿಸಿ ನೋಡಿ. ಹಿಂಬದಿಯಲ್ಲಿ ಸೀಗಡಿಯ ವೈಜ್ಞಾನಿಕ ಹೆಸರೂ (ಹೆಚ್ಚಾಗಿ ಲಿಟೊಪೆನಿಯಸ್ ವನಾಮೈ), ಅದನ್ನು ಸಾಕಿದ ದೇಶದ ಹೆಸರೂ ಇರುತ್ತದೆ. ನನ್ನ ಕೈಯಲ್ಲಿರುವುದರ ಮೇಲೆ ಭಾರತ ಎಂದಿದೆ. ನಮ್ಮ ದೇಶದಿಂದ ರಫ್ತಾಗುವ ಸಾಗರೋತ್ಪನ್ನಗಳಲ್ಲಿ ಮೌಲ್ಯದ ಲೆಕ್ಕದಲ್ಲಿ ಮೊದಲ ಸ್ಥಾನ ಫ್ರೋಜನ್ ಸೀಗಡಿಯದ್ದೇ, ಅದನ್ನು ಸಾಕುವುದರಲ್ಲಿ ಆಂಧ್ರಪ್ರದೇಶ ಮುಂದು. ಸೀಗಡಿ ಒಣಗದಿರಲೆಂದು ಅದರ ಮೇಲೆ ತೆಳುವಾದ ಮಂಜಿನ ಪದರ ಕಟ್ಟಿರುತ್ತಾರೆ. ನಿವ್ವಳ ತೂಕವೆಂದು ನಮೂದಿಸುವಾಗ ಈ ಮಂಜನ್ನು ಸೇರಿಸುವಂತಿಲ್ಲ ಎಂಬ ನಿಯಮವಿರುವುದರಿಂದ, ಚೀಲದ ಗಾತ್ರವನ್ನು ಬಿಟ್ಟು ನಿವ್ವಳ ತೂಕವನ್ನಷ್ಟೇ ನೋಡಿ.

ನಮ್ಮ ಅಡುಗೆಗೆ ಬೇಕಾದ ತೆಂಗಿನ ತುರಿ, ನುಗ್ಗೆಕಾಯಿ, ಅವರೆಕಾಳು ಈ ಅಂಗಡಿಯಲ್ಲಿಲ್ಲ. ಅದಕ್ಕಾಗಿ ಲೆಸ್ಟರ್ ನಗರದ ಬೆಲ್‌ಗ್ರೇವ್ ರಸ್ತೆಯ ಗುಜರಾತಿ ಅಂಗಡಿಗಳಿಗೇ ಹೋಗಬೇಕು. ಅಲ್ಲಿನ ಫ್ರೀಜರಿನಲ್ಲಿ ಪಾಪ್ಡಿ ಲಿಲ್ವಾ ಎಂದು ಬರೆದಿರುವ ಪೊಟ್ಟಣ ಅವರೆಕಾಳಿನದು, ತೂವರ್ ಲಿಲ್ವಾ ಎಂದಿರುವುದು ತೊಗರಿಕಾಳಿನದು. ಹಿತಕಿದ ಬೇಳೆ ಸಾರು ಮಾಡುವ ಆಸೆಯಿದ್ದವರು ಮೊದಲನೆಯದನ್ನು ಕೊಂಡು, ರಾತ್ರಿ ನೆನೆಸಿ ಬೆಳಿಗ್ಗೆ ಹಿತುಕಬಹುದು.

ಈ ಅಂಗಡಿ ನಮ್ಮೂರಿಗೆ ಬೇಕಿತ್ತು ಎಂದು ನಾನು ಹೇಳುವುದು ನನ್ನ ಮನೆಯೊಂದನ್ನು ನೋಡಿ ಅಲ್ಲ. ನಮ್ಮ ಬೀದಿಯಲ್ಲಿ ಕಾರಿಲ್ಲದ ಹಿರಿಯರಿದ್ದಾರೆ. ಅರವತ್ತು ದಾಟಿದವರಿಗೆ ಮಂಗಳವಾರ ಶೇಕಡಾ 10 ರಿಯಾಯಿತಿ ಕೊಡುವ ಪದ್ಧತಿಯನ್ನು ಈ ಕಂಪನಿ 2022ರಲ್ಲಿ ಆರಂಭಿಸಿತು. ಒಬ್ಬರೇ ಇರುವ ಮನೆಗೆ, ಬೇಕಾದಷ್ಟು ತೆಗೆದು ಉಳಿದದ್ದನ್ನು ಹಾಗೆಯೇ ಇಡಬಹುದಾದ ತರಕಾರಿಗಿಂತ ಅನುಕೂಲವಾದದ್ದು ಯಾವುದಿದೆ? ಅರ್ಧ ಹೂಕೋಸು ಕೊಳೆತು ಕಸಕ್ಕೆ ಹೋಗುವ ನೋವು ಇಲ್ಲಿಲ್ಲ. ಆದರೆ ಇಲ್ಲಿ ಇನ್ನೊಂದು ಕಷ್ಟವಿದೆ, ಅದನ್ನು ಮುಚ್ಚಿಡಬಾರದು. ಬಡ ಕುಟುಂಬಗಳಲ್ಲಿ ಅನೇಕರ ಮನೆಗೆ ವಿದ್ಯುತ್ ಬರುವುದು ಮೊದಲೇ ಹಣ ತುಂಬಿಸುವ ಮೀಟರಿನಿಂದ. ತಿಂಗಳ ಕೊನೆಯಲ್ಲಿ ಹಣ ತೀರಿ ಮೀಟರ್ ನಿಂತರೆ, ಅಗ್ಗಕ್ಕೆ ಸಿಕ್ಕಿತೆಂದು ಕೂಡಿಟ್ಟ ಆಹಾರವೆಲ್ಲ ಒಂದೆರಡು ದಿನದಲ್ಲಿ ಕರಗಿ ಹಾಳಾಗುತ್ತದೆ. ಬಾಡಿಗೆ ಮನೆಯ ಪುಟ್ಟ ಫ್ರಿಜ್ಜಿನೊಳಗಿನ ಐಸ್ ಪೆಟ್ಟಿಗೆಯ ಮೇಲೆ, ಎಷ್ಟು ತಣ್ಣಗಾಗುತ್ತದೆಂದು ತಿಳಿಸುವ ನಕ್ಷತ್ರದ ಗುರುತು ಒಂದೇ ಇದ್ದರೆ ಅದು ಮೈನಸ್ 6 ಡಿಗ್ರಿಗಷ್ಟೇ ಇಳಿಯುತ್ತದೆ, ಅಲ್ಲಿ ಆಹಾರ ವಾರಕ್ಕಿಂತ ಹೆಚ್ಚು ಇರಿಸುವಂತಿಲ್ಲ. ತಿಂಗಳುಗಟ್ಟಲೆ ಇಡಲು ಬೇಕಾದ ಮೈನಸ್ 18ಕ್ಕೆ ಮೂರು ನಕ್ಷತ್ರ ಬೇಕು. ದೊಡ್ಡ ಚೀಲದ ಕಡಿಮೆ ಬೆಲೆ ದೊಡ್ಡ ಫ್ರೀಜರ್ ಇರುವವರಿಗೇ ಸಿಗುತ್ತಿರುವುದು ನನಗೆ ನಿಜವಾಗಿಯೂ ಬೇಸರ ತರುತ್ತದೆ. ಸಣ್ಣ ಪೊಟ್ಟಣಕ್ಕೂ ಕಿಲೋ ಲೆಕ್ಕದಲ್ಲಿ ಅದೇ ದರ ಇಟ್ಟರೆ ಅದಕ್ಕಿಂತ ದೊಡ್ಡ ರಿಯಾಯಿತಿ ಬೇರೊಂದಿಲ್ಲ.

ಶನಿವಾರದ ಸಂತೆಯಲ್ಲಿ ತರಕಾರಿ ಮಾರುವವರ ಚಿಂತೆಯೂ ನನಗಿದೆ. ಹಸಿಯಾಗಿಯೇ ಬಳಸುವ ಈರುಳ್ಳಿ, ಟೊಮೆಟೊ, ಕೊತ್ತಂಬರಿ, ಸೌತೆಕಾಯಿ ಇವು ಫ್ರೀಜರಿಗೆ ಒಗ್ಗುವಂಥವಲ್ಲ. ಅವನ್ನು ನಾನು ಸಂತೆಯಲ್ಲೇ ಕೊಳ್ಳುತ್ತೇನೆ, ನೀವೂ ಹಾಗೆ ಮಾಡಬೇಕೆಂದು ಕೇಳಿಕೊಳ್ಳುತ್ತೇನೆ.

ಭಾನುವಾರ ಬರುವವರು ಗಮನಿಸಿ: 280 ಚದರ ಮೀಟರಿಗಿಂತ ದೊಡ್ಡದಾದ ಅಂಗಡಿಗಳು ಅಂದು ಬೆಳಿಗ್ಗೆ 10ರಿಂದ ಸಂಜೆ 6ರ ನಡುವೆ ಆರು ಗಂಟೆ ಮಾತ್ರ ತೆರೆದಿರಬಹುದು. ಫ್ರೋಜನ್ ಸಾಮಾನನ್ನು ಕೊನೆಯಲ್ಲಿ ಎತ್ತಿಕೊಂಡು, ಒಂದೇ ಚೀಲದಲ್ಲಿ ಒತ್ತೊತ್ತಾಗಿ ತುಂಬಿ, ನೇರವಾಗಿ ಮನೆಗೆ ಹೋಗಿ. ಇವತ್ತು ನಾನು ಕೊಂಡ ಬೀನ್ಸ್ ಪಲ್ಯವಾಗಲಿದೆ. ಅದನ್ನು ಮೊದಲೇ ಕರಗಿಸಬೇಡಿ, ನೀರೂ ಹಾಕಬೇಡಿ. ಸಾಸಿವೆ, ಉದ್ದಿನಬೇಳೆ, ಒಣಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ ಚೆನ್ನಾಗಿ ಕಾದ ಮೇಲೆ ಪೊಟ್ಟಣದಿಂದ ನೇರವಾಗಿ ಬಾಣಲೆಗೆ ಸುರಿದು, ಮುಚ್ಚಳ ಮುಚ್ಚದೆ ದೊಡ್ಡ ಉರಿಯಲ್ಲಿ ಕೈಯಾಡಿಸಿ. ಮೊದಲೇ ಬಾಡಿಸಿದ ಬೀನ್ಸ್ ಆದ್ದರಿಂದ ಬೇಗ ಬೇಯುತ್ತದೆ. ಉಪ್ಪನ್ನೂ ತೆಂಗಿನ ತುರಿಯನ್ನೂ ಇಳಿಸುವ ಮುನ್ನ ಹಾಕಿದರೆ ಸಾಕು.