ಎಲ್ಲಕ್ಕೂ ಒಂದೇ ‘ಕಡಿಮೆಯಾಗು’ ಸಾಕಾ?

ನಮಸ್ಕಾರ. ಬ್ಯಾಂಕ್ ಪರೀಕ್ಷೆಗೆ ಓದುವವರಿಗೆ ನಾನು ಇಂಗ್ಲಿಷ್ ಹೇಳಿಕೊಡುತ್ತೇನೆ. ಹೋದ ತಿಂಗಳು ಒಬ್ಬ ಹುಡುಗಿ ನೋಟ್‌ಬುಕ್ ತಂದು ತೋರಿಸಿದಳು. ಎಡಗಡೆ ಆರು ಇಂಗ್ಲಿಷ್ ಪದ: ಎಬ್, ವೇನ್, ಡ್ವಿಂಡಲ್, ಟೇಪರ್, ಅಬೇಟ್, ಡಿಮಿನಿಶ್. ಬಲಗಡೆ ಆರಕ್ಕೂ ಒಂದೇ ಅರ್ಥ, ‘ಕಡಿಮೆಯಾಗು’. ಮೊದಲ ಸಾಲಿನಲ್ಲಿ ಬರೆದು, ಕೆಳಗೆಲ್ಲ ಡಿಟ್ಟೋ ಗುರುತು ಹಾಕಿದ್ದಳು.

ತಪ್ಪು ಅವಳದಲ್ಲ. ಗೈಡುಗಳಲ್ಲಿ ಹಾಗೇ ಇರುತ್ತದೆ, ನಾನೂ ಎಷ್ಟೋ ವರ್ಷ ಹಾಗೇ ಹೇಳಿಕೊಟ್ಟಿದ್ದೇನೆ. ಆದರೆ ಇದು ನಷ್ಟ. ಒಂದು ವಸ್ತು ಹೇಗೆ ಕಡಿಮೆಯಾಯಿತು, ಮತ್ತೆ ಬರುತ್ತದಾ, ಕಡಿಮೆ ಮಾಡಿದವರು ಯಾರು, ಇದೆಲ್ಲ ಆ ಪದದ ಒಳಗೇ ಇರುತ್ತದೆ. ಡಿಟ್ಟೋ ಹಾಕಿದರೆ ಅಷ್ಟೂ ಹೋಯಿತು.

ಎಬ್ ಕಡಲಿನ ಪದ. ಹುಡುಗಿ ಹೊನ್ನಾವರದ ಕಡೆಯವಳು. “ಉಬ್ಬರ ಆದಮೇಲೆ ಏನಾಗುತ್ತೆ?” ಅಂತ ಕೇಳಿದೆ. “ಇಳಿತ, ಸರ್” ಅಂದಳು, ಯೋಚನೆಯನ್ನೇ ಮಾಡದೆ. ಎಬ್ ಅಂದರೆ ಅದೇ! ಅಳಿವೆಯಲ್ಲಿ ದಿನಾ ನೋಡುವ ಸಂಗತಿಯನ್ನು ಅವಳು ‘ಕಡಿಮೆಯಾಗು’ ಅಂತ ಬಾಯಿಪಾಠ ಮಾಡುತ್ತಿದ್ದಳು.

ವೇನ್ ಚಂದ್ರನ ಪದ, ಹುಣ್ಣಿಮೆಯಿಂದ ಅಮಾವಾಸ್ಯೆಯವರೆಗೆ. ‘ಬೇಕು’ ಅನ್ನೋ ಅರ್ಥದ ವಾಂಟ್ ಕೂಡ ಇದರ ನೆಂಟ. ಅದಕ್ಕೂ ಮೊದಲು ‘ಕೊರತೆ’ ಅನ್ನೋ ಅರ್ಥವೇ ಇತ್ತು. ಇಲ್ಲದ್ದು ತಾನೇ ಬೇಕಾಗುವುದು, ಅಲ್ವಾ?

ಕಡಲೂ ಚಂದ್ರನೂ ಹೋದಹಾಗೇ ತಿರುಗಿ ಬರುತ್ತವೆ. ಡ್ವಿಂಡಲ್ ಹಾಗಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದರ ಮೂಲಪದಕ್ಕೆ ಸೊರಗು, ಕ್ಷೀಣಿಸು ಅಂತ ಅರ್ಥ. ಕೊನೆಗೆ ಸೇರಿಕೊಂಡ ‘ಲ್’ ಗಮನಿಸಿ. ಪುಡಿಪುಡಿಯಾಗು ಅನ್ನೋ ಅರ್ಥದ ಕ್ರಂಬಲ್ ಪದದಲ್ಲೂ ಅದಿದೆ. ಒಂದೇ ಏಟಿಗೆ ಅಲ್ಲ, ಚೂರು ಚೂರೇ, ಮತ್ತೆ ಮತ್ತೆ ಅಂತ ಅದು ಹೇಳುತ್ತದೆ. ನಾವು ಇದನ್ನೇ ಪದವನ್ನು ಎರಡು ಸಲ ಹೇಳಿ ತೋರಿಸುತ್ತೇವೆ. ಸೊರಗಿ ಸೊರಗಿ ಕಡ್ಡಿಯಾದ. ಸವೆದು ಸವೆದು ತೆಳ್ಳಗಾಯಿತು. ಡ್ವಿಂಡಲ್ ಪದದ ಮುಂದೆ ‘ಸೊರಗಿ ಸೊರಗಿ’ ಅಂತ ಬರೆದುಕೊಳ್ಳಿ, ಪರೀಕ್ಷೆ ಮುಗಿದಮೇಲೂ ಮರೆಯುವುದಿಲ್ಲ.

ಟೇಪರ್ ಅಂದರೆ ಮೊದಲು ಮೇಣದಬತ್ತಿ. ತುದಿಗೆ ಹೋದಹಾಗೆ ಸಣ್ಣಗಾಗುವ ಅದರ ಆಕಾರದಿಂದ ಕ್ರಿಯಾಪದ ಹುಟ್ಟಿತು. ಬ್ಯಾಂಕ್ ಸೇರುವವರಿಗೆ ಇದು ಬೇಕೇಬೇಕು. 2013ರಲ್ಲಿ ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ ತಿಂಗಳಿಗೆ 8,500 ಕೋಟಿ ಡಾಲರಿನ ಬಾಂಡ್, ಅಂದರೆ ಸಾಲಪತ್ರ, ಕೊಳ್ಳುತ್ತಿತ್ತು. ಅದನ್ನು ನಿಧಾನಕ್ಕೆ ಇಳಿಸಬಹುದು ಅಂತ ಮೇ ತಿಂಗಳಲ್ಲಿ ಮುಖ್ಯಸ್ಥ ಬೆನ್ ಬರ್ನಾಂಕಿ ಹೇಳಿದರು. ಪತ್ರಿಕೆಗಳು ಅದನ್ನು ಟೇಪರ್ ಅಂದವು. ನಿಲ್ಲಿಸುವುದಲ್ಲ, ತುದಿಯ ಕಡೆಗೆ ಸಣ್ಣ ಮಾಡುತ್ತ ಹೋಗುವುದು. ಇನ್ನೂ ಒಂದು ಡಾಲರನ್ನೂ ಇಳಿಸಿರಲಿಲ್ಲ, ವಿದೇಶಿ ಹೂಡಿಕೆದಾರರು ಹೆದರಿ ಹಣ ಹಿಂದಕ್ಕೆ ತೆಗೆದರು, ಆಗಸ್ಟ್ ಕೊನೆಗೆ ನಮ್ಮ ರೂಪಾಯಿ ಕುಸಿದು ಡಾಲರಿಗೆ 68 ದಾಟಿತ್ತು. ಬೇರೆ ಕಾರಣಗಳೂ ಇದ್ದವು. ಆದರೂ ಆ ಒಂದು ಮಾತಿನ ಪೆಟ್ಟು ದೊಡ್ಡದು.

ಗಾತ್ರ ಇಳಿಯುವುದು ಒಂದು, ಬೆಲೆ ಇಲ್ಲದಂತೆ ಮಾಡುವುದು ಇನ್ನೊಂದು. ಅದಕ್ಕೆ ಬಿಲಿಟಲ್ ಅನ್ನೋ ಪದವಿದೆ. ಅದರ ಕಥೆ ನನಗೆ ತುಂಬ ಇಷ್ಟ. 18ನೇ ಶತಮಾನದಲ್ಲಿ ಬ್ಯುಫೋನ್ ಅನ್ನೋ ಫ್ರೆಂಚ್ ವಿಜ್ಞಾನಿ ಅಮೆರಿಕದ ಪ್ರಾಣಿಗಳೆಲ್ಲ ಯುರೋಪಿನವಕ್ಕಿಂತ ಚಿಕ್ಕವು ಅಂತ ವಾದಿಸಿದ. ಅಲ್ಲಿನ ಪ್ರಕೃತಿಯೇ ಅಂಥದ್ದು ಅಂತ ಅವನ ಲೆಕ್ಕ. ಮುಂದೆ ಅಮೆರಿಕದ ಅಧ್ಯಕ್ಷನಾದ ಥಾಮಸ್ ಜೆಫರ್ಸನ್‌ಗೆ ಇದನ್ನು ಸಹಿಸಲಾಗಲಿಲ್ಲ. ತನ್ನ ನಾಡು ವರ್ಜೀನಿಯಾ ಬಗ್ಗೆ ಬರೆದ ಪುಸ್ತಕದಲ್ಲಿ ಪ್ರಾಣಿಗಳ ತೂಕವನ್ನು ಅಕ್ಕಪಕ್ಕ ಇಟ್ಟು ಉತ್ತರ ಕೊಟ್ಟ. ಬಿಲಿಟಲ್ ಪದ ಕಾಣಿಸಿಕೊಂಡದ್ದು ಆ ಉತ್ತರದಲ್ಲೇ. ಪುಸ್ತಕ 1787ರಲ್ಲಿ ಲಂಡನ್ನಿನಲ್ಲಿ ಅಚ್ಚಾದಾಗ ಅಲ್ಲಿನ ಪತ್ರಿಕೆಯೊಂದು ‘ಇದೆಂಥ ಪದ!’ ಅಂತ ಅಪಹಾಸ್ಯ ಮಾಡಿತು. ಜೆಫರ್ಸನ್ ಮಾತಿಗಷ್ಟೇ ನಿಲ್ಲಿಸಲಿಲ್ಲ. ಮೂಸ್ ಅನ್ನೋ ಭಾರಿ ಜಿಂಕೆಯ ಚರ್ಮ, ಮೂಳೆಗಳನ್ನು ಹಡಗಿನಲ್ಲಿ ತಾನಾಗ ಇದ್ದ ಪ್ಯಾರಿಸ್‌ಗೆ ತರಿಸಿ ಬ್ಯುಫೋನ್‌ಗೇ ಕಳಿಸಿದ.

ಆಗ ಬಿಲಿಟಲ್ ಅಂದರೆ ನಿಜವಾಗಿ ಗಾತ್ರದಲ್ಲಿ ಚಿಕ್ಕದು ಮಾಡುವುದು. ಈಗ ಮಾತಿನಲ್ಲಿ ಚಿಕ್ಕದು ಮಾಡುವುದು. “ಎಲ್ಲರೆದುರು ನನ್ನನ್ನ ಸಣ್ಣ ಮಾಡಿಬಿಟ್ರು” ಅಂತೀವಲ್ಲ, ಅದು. “ಹಗುರವಾಗಿ ಮಾತಾಡಬೇಡಿ” ಅನ್ನುವಾಗಲೂ ಅದೇ ನೋವು, ಗಾತ್ರದ ಬದಲು ತೂಕ ಬಂತು ಅಷ್ಟೇ.

ಇನ್ನು ನನಗೆ ಸಿಟ್ಟು ಬರಿಸುವ ಪದ, ಡೌನ್‌ಸೈಸಿಂಗ್. 1970ರ ದಶಕದಲ್ಲಿ ಪೆಟ್ರೋಲ್ ದುಬಾರಿಯಾದಾಗ ಅಮೆರಿಕದ ಕಂಪನಿಗಳು ಸಣ್ಣ ಕಾರು ಮಾಡತೊಡಗಿದವು. ಆ ಕಾರುಗಳಿಗೆ ಹೇಳುತ್ತಿದ್ದ ಪದ ಅದು. ಮುಂದಿನ ದಶಕದಲ್ಲಿ ಅದನ್ನೇ ಮನುಷ್ಯರ ಮೇಲೆ ಹಾಕಿದರು. ಕೆಲಸದಿಂದ ತೆಗೆದದ್ದನ್ನು ಕಾರಿನ ಅಳತೆ ಬದಲಿಸಿದಷ್ಟು ತಣ್ಣಗೆ ಹೇಳುವುದು. ಮನೆಗೆ ಹೋಗಿ ಹೆಂಡತಿ ಮಕ್ಕಳಿಗೆ ಏನಂತ ಹೇಳಬೇಕೋ ತಿಳಿಯದೆ ನಿಂತವನಿಗೆ ಈ ಪದ ಅನ್ಯಾಯ ಮಾಡುತ್ತದೆ.

ಇಲ್ಲಿ ಕನ್ನಡದ ಒಂದು ಸಣ್ಣ ತುಣುಕು ತುಂಬ ಕೆಲಸಕ್ಕೆ ಬರುತ್ತದೆ: ‘ಇಸು’. ಕುಗ್ಗು, ಕುಗ್ಗಿಸು. ಇಳಿ, ಇಳಿಸು. ಕರಗು, ಕರಗಿಸು. ‘ಇಸು’ ಬಂದಕೂಡಲೇ ಮಾಡಿದವನೊಬ್ಬ ಬೇಕಾಗುತ್ತದೆ. ಡ್ವಿಂಡಲ್ ಪದಕ್ಕೆ ಅವನು ಬೇಕಿಲ್ಲ. ಅದು ತಾನೇ ಆಯಿತು ಅನ್ನುತ್ತದೆ. ಬೆಂಗಳೂರಿನ ಕೆರೆಗಳು ‘ಡ್ವಿಂಡಲ್’ ಆದವು ಅಂತ ಇಂಗ್ಲಿಷಿನಲ್ಲಿ ಸಲೀಸಾಗಿ ಬರೆಯಬಹುದು. ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಇವತ್ತು ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆ ಇದ್ದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಅವು ಸೊರಗಿ ಸೊರಗಿ ಹೋದವಲ್ಲ. ಮುಚ್ಚಿಸಿದರು.

ಇದನ್ನೆಲ್ಲ ತರಗತಿಯಲ್ಲಿ ಹೇಳಿದ ಮರುದಿನ ಆ ಹುಡುಗಿ ನೋಟ್‌ಬುಕ್ ಹಿಡಿದು ಮತ್ತೆ ಬಂದಳು. ಡಿಟ್ಟೋ ಗುರುತುಗಳನ್ನು ಹೊಡೆದುಹಾಕಿದ್ದಳು. “ಸರ್, ಮೊದಲಿನ ಹಾಗೆ ಮೀನು ಸಿಗೋದಿಲ್ಲ ಅಂತ ಅಪ್ಪ ದಿನಾ ಹೇಳ್ತಾರೆ. ಅದು ಎಬ್ ಆ, ಡ್ವಿಂಡಲ್ ಆ? ಇಲ್ಲಾ ಯಾರಾದ್ರೂ ಕಡಿಮೆ ಮಾಡಿದ್ದಾ?” ಅಂತ ಕೇಳಿದಳು.

ಆ ಪ್ರಶ್ನೆಯನ್ನು ಹಾಗೇ ಬೋರ್ಡಿನ ಮೇಲೆ ಬರೆದೆ. ಇನ್ನೂ ಅಳಿಸಿಲ್ಲ.