ಮುಗಿಯುವ ಕಥೆ, ಮುಗಿಯದ ಕಥೆ

ಕೇಳುಗರಿಗೆಲ್ಲ ನಮಸ್ಕಾರ.

"ಆಗಿನ ಸಿನಿಮಾ ಎಲ್ಲಿ, ಈಗಿನದ್ದೆಲ್ಲಿ!" ಮದುವೆ ಮನೆಯಲ್ಲಿ ಐವತ್ತು ದಾಟಿದ ನಾಲ್ಕು ಜನ ಕೂತರೆ ಈ ಮಾತು ಬಂದೇ ಬರುತ್ತದೆ. ಟೀವಿಯ ಬಗ್ಗೆಯೂ ಅದೇ ಮಾತು. ಆದರೆ ಸಿನಿಮಾ, ಟೀವಿ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ನಮ್ಮ ಸಿನಿಮಾ ಕೆಟ್ಟಿಲ್ಲ. ಸೊರಗಿರುವುದು ಧಾರಾವಾಹಿ. ಅದೂ ಪ್ರತಿಭೆ ಇಲ್ಲದೆ ಅಲ್ಲ.

ಮೊದಲು ಸಿನಿಮಾ ನೋಡೋಣ. 1972ರಲ್ಲಿ 'ಬಂಗಾರದ ಮನುಷ್ಯ' ಬಂತು, 'ನಾಗರಹಾವು' ಬಂತು. ಒಂದು ಟಿ. ಕೆ. ರಾಮರಾವ್ ಅವರ ಕಾದಂಬರಿ, ಇನ್ನೊಂದು ತ. ರಾ. ಸು. ಅವರದ್ದು. ಅದಕ್ಕೆ ಹಿಂದಿನ ವರ್ಷದ 'ಶರಪಂಜರ' ತ್ರಿವೇಣಿಯವರದ್ದು. ಕ್ಯಾಮೆರಾ ತಿರುಗುವ ಮೊದಲೇ ಕಥೆಯನ್ನು ಒಬ್ಬರು ಕೂತು ಬರೆದು ಮುಗಿಸಿದ್ದರು. ಸಿದ್ದಲಿಂಗಯ್ಯ, ಪುಟ್ಟಣ್ಣ ಕಣಗಾಲರಂಥ ನಿರ್ದೇಶಕರ ಕೈಗೆ ಬಂದಾಗ ಆ ಕಥೆಗಳಿಗೆ ಮೊದಲು, ನಡು, ಕೊನೆ ಎಲ್ಲ ಇತ್ತು.

ಈಗಿನವರು ಹಾಗೆ ಮಾಡುತ್ತಿಲ್ಲವೇ? ಮಾಡುತ್ತಿದ್ದಾರೆ. 'ತಿಥಿ' ನೋಡಿದ್ದೀರಲ್ವಾ? ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ಊರಿನವರನ್ನೇ ಪಾತ್ರಕ್ಕೆ ಹಾಕಿಕೊಂಡು ತೆಗೆದ ಚಿತ್ರ. ಸೆಂಚುರಿ ಗೌಡ ತೀರಿಕೊಳ್ಳುತ್ತಾನೆ, ಹನ್ನೊಂದನೇ ದಿನಕ್ಕೆ ತಿಥಿ. ಕಥೆಗೆ ಇರುವ ಸಮಯ ಅಷ್ಟೇ. ಮಗ ಗಡ್ಡಪ್ಪನಿಗೆ ಜಮೀನೂ ಬೇಡ, ಜಗಳವೂ ಬೇಡ. ಮೊಮ್ಮಗನಿಗೆ ಜಮೀನು ಬಿಟ್ಟರೆ ಬೇರೇನೂ ಬೇಡ. ಇಷ್ಟನ್ನು ಇಟ್ಟುಕೊಂಡು ರಾಮ್ ರೆಡ್ಡಿ ಮತ್ತು ಈರೇಗೌಡ ಮಾಡಿದ ಕೆಲಸಕ್ಕೆ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂತು. ನನಗಂತೂ ಅದು ಎಪ್ಪತ್ತರ ದಶಕದ ಯಾವ ಒಳ್ಳೆಯ ಚಿತ್ರಕ್ಕೂ ಕಡಿಮೆಯಲ್ಲ. 2025ರಲ್ಲಿ 'ಸು ಫ್ರಮ್ ಸೋ' ನೋಡಲು ಮನೆಮಂದಿಯೆಲ್ಲ ಥಿಯೇಟರಿಗೆ ಹೋದರು. ದೊಡ್ಡ ಸ್ಟಾರ್ ಹೆಸರು ನೋಡಿ ಹೋದದ್ದಲ್ಲ. ಹಾಗಾಗಿ ಸಿನಿಮಾದ ಬಗ್ಗೆ ನನಗೆ ಚಿಂತೆ ಇಲ್ಲ.

ಚಿಂತೆ ಇರುವುದು ಸಂಜೆಯ ಟೀವಿಯ ಬಗ್ಗೆ.

1980ರ ದಶಕದಲ್ಲಿ ಶಂಕರ್ ನಾಗ್ ಆಗುಂಬೆಯಲ್ಲಿ 'ಮಾಲ್ಗುಡಿ ಡೇಸ್' ತೆಗೆದರು. ಆರ್. ಕೆ. ನಾರಾಯಣ್ ಅವರ ಕಥೆ, ಅವರ ತಮ್ಮ ಆರ್. ಕೆ. ಲಕ್ಷ್ಮಣ್ ಬಿಡಿಸಿದ ಚಿತ್ರ, ಎಲ್. ವೈದ್ಯನಾಥನ್ ಅವರ ಸಂಗೀತ. ಕೆಲವು ಕಥೆಗಳು ಒಂದೇ ಕಂತಿನಲ್ಲಿ ಮುಗಿಯುತ್ತಿದ್ದವು. ಸ್ವಾಮಿಯ ಕಥೆಗೆ ಮಾತ್ರ ಹಲವು ಕಂತು. ಅದರ ಕೊನೆ ನೆನಪಿದೆಯಾ? ಗೆಳೆಯ ರಾಜಂ ರೈಲು ಹತ್ತಿ ಹೊರಟುಬಿಡುತ್ತಾನೆ. ಸ್ವಾಮಿ ಪ್ಲಾಟ್‌ಫಾರ್ಮಿನಲ್ಲೇ ಉಳಿಯುತ್ತಾನೆ. ಅವರಿಬ್ಬರೂ ಮುಂದೆ ಯಾವತ್ತಾದರೂ ಸಿಕ್ಕರಾ? ಯಾರೂ ಹೇಳಲಿಲ್ಲ. ಹೇಳದೆ ಬಿಟ್ಟಿದ್ದರಿಂದಲೇ ಅದು ಈಗಲೂ ನಮ್ಮನ್ನು ಕಾಡುತ್ತದೆ.

ಈಗಿನ ಧಾರಾವಾಹಿಗೆ ಹಾಗೆ ನಿಲ್ಲುವ ಹಕ್ಕಿಲ್ಲ. ವಾರಕ್ಕೆ ಐದಾರು ದಿನ ಕಂತು ಬೇಕು. ದಿನಕ್ಕೊಂದು ಕಂತಿನ ಲೆಕ್ಕದಲ್ಲಿ ಶೂಟಿಂಗ್ ನಡೆಯಬೇಕು. ಸಂಭಾಷಣೆ ಬರೆಯುವವರು ರಾತ್ರಿ ಕೂತು ನಾಳೆಯ ದೃಶ್ಯ ಬರೆಯುತ್ತಾರೆ. ಗುರುವಾರ ಟಿಆರ್‌ಪಿ ಬರುತ್ತದೆ. ಅಂಕಿ ಇಳಿದರೆ ಕಥೆಯ ದಾರಿಯೇ ಬದಲು. ಒಳ್ಳೆಯ ಅತ್ತೆ ಕೆಟ್ಟವಳಾಗುತ್ತಾಳೆ, ಸತ್ತವನು ತಿರುಗಿ ಬರುತ್ತಾನೆ. ಅಂಕಿ ಏರಿದರೆ ಇನ್ನೂ ಕಷ್ಟ, ಮುಗಿಸುವ ಹಾಗೇ ಇಲ್ಲ! ಒಂದು ಬಾಗಿಲು ತೆರೆಯಲು ಅರ್ಧ ಕಂತು ಹಿಡಿಯುವುದು ಅದಕ್ಕೇ. ಎಲ್ಲರ ಮುಖವನ್ನೂ ಒಂದೊಂದಾಗಿ, ಮೂರು ಮೂರು ಸಲ ತೋರಿಸುವುದೂ ಅದಕ್ಕೇ.

ನಟರನ್ನು ದೂರಬೇಡಿ. ರಂಗಭೂಮಿಯಲ್ಲಿ ಪಳಗಿ ಬಂದವರು ಎಷ್ಟೋ ಜನ ಅಲ್ಲಿದ್ದಾರೆ. ಕ್ಯಾಮೆರಾ, ಬೆಳಕು, ಧ್ವನಿ ಎಲ್ಲ ಆಗಿನದಕ್ಕಿಂತ ಎಷ್ಟೋ ಚೆನ್ನಾಗಿದೆ. ಅಷ್ಟು ಜನ ಅಷ್ಟು ಹೊತ್ತು ದುಡಿದೂ, ವರ್ಷದ ಕೊನೆಗೆ ಒಂದು ಪಾತ್ರವೂ ಮನಸ್ಸಿನಲ್ಲಿ ಉಳಿಯುವುದಿಲ್ಲ ಅಂದರೆ ಹೊಟ್ಟೆ ಉರಿಯುತ್ತದೆ.

ದಿನವೂ ಬಂದರೆ ಕೆಡಲೇಬೇಕು ಅಂತಲೂ ಇಲ್ಲ. 1998ರಲ್ಲಿ ಚಂದನದಲ್ಲಿ ಶುರುವಾದ 'ಮಾಯಾಮೃಗ' ದಿನವೂ ಬರುತ್ತಿದ್ದ ಧಾರಾವಾಹಿಯೇ. ಟಿ. ಎನ್. ಸೀತಾರಾಂ ಅವರ ಪಾತ್ರಗಳಿಗೆ ಒಂದು ಕೆಲಸ ಇರುತ್ತಿತ್ತು, ಸಂಬಳದ ಚಿಂತೆ ಇರುತ್ತಿತ್ತು, ಊರಿನ ರಾಜಕೀಯದ ಬಗ್ಗೆ ಒಂದು ಅಭಿಪ್ರಾಯ ಇರುತ್ತಿತ್ತು. ಅಡುಗೆ ಮನೆಯ ಆಚೆಗೂ ಬದುಕಿದೆ ಅಂತ ಅವರಿಗೆ ಗೊತ್ತಿತ್ತು. ಬರೆಯುವವರ ಮಾತು ನಡೆಯುತ್ತಿದ್ದ ಕಾಲ ಅದು.

ನನ್ನ ಆಸೆ ಸಣ್ಣದು. ಈಗಿನ ದೊಡ್ಡ ಧಾರಾವಾಹಿಗಳನ್ನು ಯಾರೂ ನಿಲ್ಲಿಸಬೇಕಾಗಿಲ್ಲ. ಕೆಲಸ ಮುಗಿಸಿ ಬಂದು ಕಾಲು ಚಾಚಿ ನೋಡುವವರಿಗೆ ಅದು ಬೇಕು. ಅದರ ಪಕ್ಕದಲ್ಲೇ ವಾರಕ್ಕೊಂದು ಅರ್ಧ ಗಂಟೆ ಬಿಡಲಿ. ಹದಿಮೂರೇ ವಾರ, ಮೊದಲೇ ಬರೆದು ಮುಗಿಸಿದ ಕಥೆ. ಮಾಸ್ತಿಯವರದ್ದಿದೆ, ತೇಜಸ್ವಿಯವರದ್ದಿದೆ, ವೈದೇಹಿಯವರದ್ದಿದೆ. ಇಷ್ಟು ಕಥೆ ಇರುವ ಭಾಷೆಯಲ್ಲಿ ಟೀವಿಗೆ ಕಥೆ ಸಿಗುತ್ತಿಲ್ಲ ಅನ್ನುವ ಹಾಗಿಲ್ಲ. ನೀವು ನೋಡುವ ವಾಹಿನಿಗೆ ಒಂದು ಕಾಗದ ಬರೆಯಿರಿ. ಯಾವ ಕಥೆ ಬೇಕು ಅಂತ ಹೆಸರು ಹಾಕಿಯೇ ಬರೆಯಿರಿ. ನಾನು ವೈದೇಹಿಯವರ ಕಥೆಗಳನ್ನು ಕೇಳಿ ಬರೆಯುತ್ತಿದ್ದೇನೆ.

ನಮಸ್ಕಾರ.