ಮಾಣಿಕ್ಯ ಮತ್ತು ಸ್ಪಿನೆಲ್: ಎರಡು ಕೆಂಪು ಹರಳುಗಳ ಗುಣಭೇದ

ಶ್ರೋತೃಗಳಿಗೆ ನಮಸ್ಕಾರ.

ಬ್ರಿಟನ್ನಿನ ಅರಸರ ಕಿರೀಟವೊಂದರ ಮುಂಭಾಗದಲ್ಲಿ ಸುಮಾರು 170 ಕ್ಯಾರಟ್ ತೂಕದ ಕೆಂಪು ಹರಳೊಂದಿದೆ. ಬ್ಲ್ಯಾಕ್ ಪ್ರಿನ್ಸನ ಮಾಣಿಕ್ಯವೆಂದೇ ಹೆಸರಾದ ಅದು ವಾಸ್ತವದಲ್ಲಿ ಮಾಣಿಕ್ಯವಲ್ಲ, ಸ್ಪಿನೆಲ್. ಮೊಗಲ್ ಬಾದಶಹರು ತಮ್ಮ ಹೆಸರು ಕೆತ್ತಿಸಿದ, ತೈಮೂರನ ಮಾಣಿಕ್ಯವೆಂದು ಕರೆಯಲಾಗುವ ದೊಡ್ಡ ಹರಳೂ ಸ್ಪಿನೆಲ್ಲೇ. ಇದರಲ್ಲಿ ಯಾರ ವಂಚನೆಯನ್ನೂ ಹುಡುಕಬೇಕಾಗಿಲ್ಲ. ಬರ್ಮಾದ ಮೊಗೋಕ್ ಪ್ರದೇಶದಲ್ಲಿ ಎರಡೂ ಅಮೃತಶಿಲೆಯಲ್ಲಿ ಹುಟ್ಟಿ, ಒಂದೇ ಜಲ್ಲಿಮಣ್ಣಿನಲ್ಲಿ ಒಟ್ಟಿಗೆ ಸಿಗುತ್ತವೆ. ಎರಡಕ್ಕೂ ಕೆಂಪು ಬರುವುದು ಅತ್ಯಲ್ಪ ಪ್ರಮಾಣದಲ್ಲಿ ಸೇರಿಕೊಂಡ ಕ್ರೋಮಿಯಂನಿಂದ. ಇವು ಬೇರೆ ಬೇರೆ ಖನಿಜಗಳೆಂದು ಫ್ರಾನ್ಸಿನ ರೊಮೆ ಡಿ ಲಿಲ್ 1783ರಲ್ಲಿ ಸ್ಪಷ್ಟಪಡಿಸಿದ.

ಮಾಣಿಕ್ಯವೆಂದರೆ ಕುರಂದ, ಅಂದರೆ ಅಲ್ಯೂಮಿನಿಯಂ ಆಕ್ಸೈಡ್. ಸ್ಪಿನೆಲ್‌ನಲ್ಲಿ ಅದರೊಡನೆ ಮೆಗ್ನೀಸಿಯಂ ಕೂಡ ಇರುತ್ತದೆ. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾನಕದಲ್ಲಿ ಮಾಣಿಕ್ಯದ ಕಾಠಿಣ್ಯ 9, ಸ್ಪಿನೆಲ್‌ನದು 8. ಆದರೆ ಕಡೆದ ಹರಳನ್ನು ಗೀರಿ ಪರೀಕ್ಷಿಸುವುದು ಅದನ್ನು ಹಾಳುಮಾಡುವ ಕೆಲಸ. ಅದನ್ನು ಯಾರೂ ಮಾಡಬಾರದು. ಹಾನಿಯಿಲ್ಲದ ದಾರಿ ಸಾಂದ್ರತೆಯದು. ಮಾಣಿಕ್ಯ ನೀರಿಗಿಂತ ಸುಮಾರು 4 ಪಟ್ಟು, ಸ್ಪಿನೆಲ್ ಸುಮಾರು 3.6 ಪಟ್ಟು ಭಾರ. ಆದ್ದರಿಂದ ಗಾಳಿಯಲ್ಲಿ 10 ಕ್ಯಾರಟ್ ತೂಗುವ ಮಾಣಿಕ್ಯವನ್ನು ಸಣ್ಣ ತಂತಿಯಲ್ಲಿ ತೂಗುಬಿಟ್ಟು ನೀರಿನೊಳಗೆ ತೂಗಿದರೆ ಏಳೂವರೆ ಕ್ಯಾರಟ್ ಬರುತ್ತದೆ, ಸ್ಪಿನೆಲ್ಲಾದರೆ ಸುಮಾರು 7.2. ಹರಳಿಗೆ ಗಾಳಿಗುಳ್ಳೆ ಅಂಟಿಕೊಂಡಿರದಂತೆ ನೋಡಿಕೊಳ್ಳಬೇಕು, ಅಷ್ಟೇ.

ನನ್ನ ದೃಷ್ಟಿಯಲ್ಲಿ ಇವೆರಡರ ನಿಜವಾದ ಅಂತರ ಕಾಣುವುದು ಬೆಳಕಿನ ನಡೆಯಲ್ಲಿ. ಸ್ಪಿನೆಲ್‌ನ ಸ್ಫಟಿಕ ಘನಾಕೃತಿಯ ವ್ಯವಸ್ಥೆಗೆ ಸೇರಿದ್ದು. ಅದರೊಳಗೆ ಬೆಳಕು ಯಾವ ದಿಕ್ಕಿಗೆ ಹೊರಟರೂ ಒಂದೇ ವೇಗದಲ್ಲಿ ಸಾಗುತ್ತದೆ. ಹಾಗಾಗಿ ಹರಳು ಬೆಳಕನ್ನು ಎಷ್ಟು ಬಾಗಿಸುತ್ತದೆಂಬ ಅಂಕವನ್ನು, ಅಂದರೆ ವಕ್ರೀಭವನಾಂಕವನ್ನು, ತೋರಿಸುವ ವಕ್ರೀಭವನಮಾಪಕದಲ್ಲಿ 1.718ರ ಆಸುಪಾಸಿನಲ್ಲಿ ಒಂದೇ ಗೆರೆ ಕಾಣುತ್ತದೆ. ಮಾಣಿಕ್ಯವಾದರೋ ಒಳಹೊಕ್ಕ ಕಿರಣವನ್ನು ಎರಡಾಗಿ ಸೀಳುತ್ತದೆ, ಅಲ್ಲಿ 1.762 ಮತ್ತು 1.770ರ ಸುತ್ತ ಎರಡು ಗೆರೆಗಳು. ಈ ಎರಡು ಕಿರಣಗಳ ಬಣ್ಣವೂ ಒಂದೇ ಅಲ್ಲ. ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಹಾಯಲು ಬಿಡುವ ಪೋಲರಾಯ್ಡ್ ಹಾಳೆಯೊಂದನ್ನು ಹರಳಿನ ಮುಂದೆ ಹಿಡಿದು ನಿಧಾನವಾಗಿ ತಿರುಗಿಸಿದರೆ, ಮಾಣಿಕ್ಯದ ಕೆಂಪು ಒಮ್ಮೆ ನೇರಳೆಯ ಕಡೆಗೂ ಒಮ್ಮೆ ಕಿತ್ತಳೆಯ ಕಡೆಗೂ ವಾಲುತ್ತದೆ. ಸ್ಪಿನೆಲ್‌ನ ಬಣ್ಣ ಕದಲುವುದಿಲ್ಲ. ಮಾಣಿಕ್ಯದಲ್ಲಿಯೂ ದೃಗಕ್ಷದ, ಅಂದರೆ ಕಿರಣ ಎರಡಾಗಿ ಸೀಳದ ದಿಕ್ಕಿನ, ನೇರಕ್ಕೆ ನೋಡಿದಾಗ ಈ ಬದಲಾವಣೆ ಕಾಣದು. ಆದ್ದರಿಂದ ಹರಳನ್ನು ಹೊರಳಿಸಿ, ಮೂರು ನಾಲ್ಕು ದಿಕ್ಕುಗಳಿಂದ ನೋಡಿಯೇ ತೀರ್ಮಾನಕ್ಕೆ ಬರಬೇಕು. ಬಣ್ಣ ಕದಲದ್ದೆಲ್ಲ ಸ್ಪಿನೆಲ್ ಎಂದೂ ಅಲ್ಲ, ಗಾರ್ನೆಟ್ ಮತ್ತು ಕೆಂಪು ಗಾಜು ಕೂಡ ಹಾಗೆಯೇ ವರ್ತಿಸುತ್ತವೆ.

ಅತಿನೇರಳೆ ಬೆಳಕಿನಲ್ಲಿ ಹೊಳೆಯುವುದು ಮಾಣಿಕ್ಯದ ಗುರುತೆಂದು ಹಲವರು ನಂಬುತ್ತಾರೆ. ಆದರೆ ಕೆಂಪು ಸ್ಪಿನೆಲ್ ಸಹ ಕೆಂಪಗೆ ಹೊಳೆಯುತ್ತದೆ. ಕಬ್ಬಿಣದ ಅಂಶ ಹೆಚ್ಚಿರುವ ಮಾಣಿಕ್ಯ ಮಂಕಾಗಿಯೇ ಉಳಿಯುತ್ತದೆ.

ನಮ್ಮ ಮೈಸೂರು ಸೀಮೆಯ ಮಾಣಿಕ್ಯಗಳಿಗೆ ಇನ್ನೊಂದು ವಿಶೇಷವಿದೆ. ಅವು ಬಹುಮಟ್ಟಿಗೆ ಅಪಾರದರ್ಶಕ. ಆದರೂ ಮೇಲ್ಮೈಯನ್ನು ಗುಮ್ಮಟದಂತೆ ದುಂಡಗೆ ತಿದ್ದಿದಾಗ, ಒಳಗೆ ಸಾಲುಗಟ್ಟಿರುವ ಸೂಕ್ಷ್ಮ ಸೂಜಿಗಳು ಬೆಳಕನ್ನು ಪ್ರತಿಫಲಿಸಿ, ಕೆಲವು ಹರಳುಗಳಲ್ಲಿ ಆರು ಕಿರಣಗಳ ನಕ್ಷತ್ರ ಮೂಡುತ್ತದೆ.

ಈ ಅಳತೆಗಳು ಖನಿಜ ಯಾವುದೆಂದು ಹೇಳುತ್ತವೆಯೇ ಹೊರತು, ಅದು ನೆಲದಲ್ಲಿ ಹುಟ್ಟಿದ್ದೋ ಕುಲುಮೆಯಲ್ಲೋ ಎಂದು ಹೇಳಲಾರವು. 1902ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ವರ್ನೂಯಿ ಪ್ರಕಟಿಸಿದ, ಪುಡಿಯನ್ನು ಜ್ವಾಲೆಯಲ್ಲಿ ಕರಗಿಸಿ ಹರಳು ಬೆಳೆಸುವ ಜ್ವಾಲಾವಿಧಾನದಿಂದ ತಯಾರಾದ ಮಾಣಿಕ್ಯದ ಸಾಂದ್ರತೆ ಮತ್ತು ವಕ್ರೀಭವನಾಂಕಗಳು ಸಹಜ ಮಾಣಿಕ್ಯದವೇ ಆಗಿರುತ್ತವೆ. ಅಲ್ಲಿ ಸೂಕ್ಷ್ಮದರ್ಶಕವೇ ಬೇಕು: ತಯಾರಿಸಿದ ಹರಳಿನೊಳಗೆ ಬಾಗಿದ ಬೆಳವಣಿಗೆಯ ಗೆರೆಗಳೂ ದುಂಡನೆಯ ಅನಿಲಗುಳ್ಳೆಗಳೂ ಕಾಣಿಸಬಹುದು; ಸಹಜ ಹರಳಿನಲ್ಲಿ ಆ ಗೆರೆಗಳು ನೇರವಾಗಿ, ಕೋನಕೋನವಾಗಿ ಇರುತ್ತವೆ.